ಇಳಿದುಕೊಂಡ ಮನೆಯ ಬಾಕಿ

“ಅಪ್ಪಾ, ಈ ಸಲ ಹೋಟೆಲ್ಲು ಗೀಟೆಲ್ಲು ಬೇಡ. ಸ್ವಲ್ಪ ಕ್ಯಾರೆಕ್ಟರ್ ಇರೋ ಜಾಗ ಹುಡುಕೋಣ” ಎಂದ ನನ್ನ ಮಗ. 2023ರ ನವೆಂಬರ್ ತಿಂಗಳ ಒಂದು ಭಾನುವಾರ. ಬದಲಾಪುರದ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ ಮನೆಯವರೆಲ್ಲ ಕೂತು ಡಿಸೆಂಬರ್ ರಜೆಯ ಪ್ರವಾಸದ ಬಗ್ಗೆ ಚರ್ಚೆ ಮಾಡುತ್ತಿದ್ದೆವು. ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ದುಡಿದ ನನಗೆ ಕ್ಯಾರೆಕ್ಟರ್ ಎಂದರೆ ಸಾಲ ಕೇಳಲು ಬಂದವನ ನಡತೆ. ಸಾಲ ಕೊಡುವ ಮುಂಚೆ ಮೂರು ‘ಸಿ’ಗಳನ್ನು ನೋಡಬೇಕು ಅಂತ ನಮಗೆ ಕಲಿಸುತ್ತಿದ್ದರು: ಕ್ಯಾರೆಕ್ಟರ್, ಕೆಪ್ಯಾಸಿಟಿ, ಕ್ಯಾಪಿಟಲ್. ಗೋಡೆಗೂ ಹಂಚಿಗೂ ಕ್ಯಾರೆಕ್ಟರ್ ಇರುತ್ತದೆ ಎಂಬುದು ನನಗೆ ಹೊಸ ಪಾಠ.

ನಾವು ಒಟ್ಟು ಏಳು ಜನ. ನನ್ನ ಆಯಿಗೆ ಆಗ ಎಂಬತ್ತೇಳು. (ನಮ್ಮ ಶಿರಸಿ ಕಡೆ ತಾಯಿಗೆ ಆಯಿ ಅಂತಲೇ ಕರೆಯುವುದು. ಮರಾಠಿಯಲ್ಲೂ ಅದೇ ಆದ್ದರಿಂದ ಬದಲಾಪುರದಲ್ಲಿ ಇಡೀ ಬಿಲ್ಡಿಂಗಿಗೇ ಆಕೆ ಆಯಿ.) ನಾನು, ನನ್ನಾಕೆ, ಮಗ, ಸೊಸೆ, ಹನ್ನೊಂದು ವರ್ಷದ ಮೊಮ್ಮಗಳು, ಆರು ವರ್ಷದ ಮೊಮ್ಮಗ. ಏಳು ಜನರಿಗೆ ಏಳು ಬೇಡಿಕೆ. ಆಯಿಗೆ ಕಮೋಡ್ ಇರಬೇಕು, ಮೆಟ್ಟಿಲು ಇರಬಾರದು. ನನ್ನಾಕೆಗೆ ಶುದ್ಧ ಸಸ್ಯಾಹಾರ. ಸೊಸೆಗೆ ಮೂರು ದಿನವಾದರೂ ಅಡುಗೆಮನೆಯ ಮುಖ ನೋಡಬಾರದು. ಮಕ್ಕಳಿಗೆ ನೀರಲ್ಲಿ ಆಡಬೇಕು. ಮಗನಿಗೆ ಕ್ಯಾರೆಕ್ಟರ್ ಬೇಕು. ನನಗೆ ದರ ಹಿತಮಿತವಾಗಿರಬೇಕು, ರಸೀದಿ ಕೊಡಬೇಕು.

ಮೊದಲು ಬಂದದ್ದು ಮಾಥೇರಾನ್ ಹೆಸರು. ನಮಗೆ ಹತ್ತಿರ. ಬದಲಾಪುರದಿಂದ ಕರ್ಜತ್ ಲೋಕಲ್ ಹಿಡಿದರೆ ವಾಂಗಣಿ, ಶೇಲು ಆದ ಮೇಲೆ ಮೂರನೆಯದೇ ನೇರಳ್ ಸ್ಟೇಷನ್. ಅಲ್ಲಿಂದ ಗುಡ್ಡ ಹತ್ತಬೇಕು. ಬ್ರಿಟಿಷರ ಕಾಲದ ಬಂಗಲೆಗಳು, ಉದ್ದದ ವರಾಂಡಾ, ಮಲಗುವ ಹಾಗೆ ಕಾಲು ಚಾಚುವ ಮರದ ಕುರ್ಚಿ, ಕೆಂಪು ಮಣ್ಣಿನ ದಾರಿ. ಕ್ಯಾರೆಕ್ಟರ್‌ಗೆ ಬರ ಇಲ್ಲ. ಆದರೆ ಮೋಟಾರು ಗಾಡಿ ದಸ್ತುರಿ ನಾಕಾದಲ್ಲೇ ನಿಲ್ಲುತ್ತದೆ. ಮುಂದೆ ನಡಿಗೆ, ಕುದುರೆ, ಇಲ್ಲವೇ ಮನುಷ್ಯರು ಎಳೆಯುವ ಕೈರಿಕ್ಷಾ. ಇ-ರಿಕ್ಷಾಗಳ ಪ್ರಯೋಗ ಹಿಂದಿನ ವರ್ಷವಷ್ಟೇ ಶುರುವಾಗಿತ್ತು. “ಅಜ್ಜಿಯನ್ನು ಕೈರಿಕ್ಷಾದಲ್ಲಿ ಕೂರಿಸಿದರಾಯಿತು” ಎಂದ ಮೊಮ್ಮಗಳಿಗೆ ಆಯಿ, “ಇನ್ನೊಬ್ಬರ ತಾಯಿಯ ಮಗ ಏದುಸಿರು ಬಿಡ್ತಾ ಎಳೆಯೋ ಗಾಡೀಲಿ ಕೂತು ನಾ ಎಂತ ಚೆಂದ ನೋಡ್ಲಿ?” ಎಂದು ಮಾತು ಮುಗಿಸಿದಳು. ಇದೇ ಮಾತನ್ನು ನಮ್ಮ ಸುಪ್ರೀಂ ಕೋರ್ಟು 2025ರ ಆಗಸ್ಟಿನಲ್ಲಿ ತನ್ನ ಭಾಷೆಯಲ್ಲಿ ಹೇಳಿತು. ಮಾಥೇರಾನಿನ ಕೈರಿಕ್ಷಾ ಪದ್ಧತಿ ಅಮಾನವೀಯ, ಆರು ತಿಂಗಳೊಳಗೆ ನಿಲ್ಲಿಸಿ, ಎಳೆಯುವವರಿಗೆ ಇ-ರಿಕ್ಷಾ ಕೊಡಿಸಿ ಎಂದು ಸರಕಾರಕ್ಕೆ ಆದೇಶ ಕೊಟ್ಟಿತು. ಆಯಿಯ ತೀರ್ಪು ಒಂದೂಮುಕ್ಕಾಲು ವರ್ಷ ಮೊದಲೇ ಬಂದಿತ್ತು, ಅಷ್ಟೇ.

ಕೊನೆಗೆ ಮಗ ಆರಿಸಿದ್ದು ನಮ್ಮದೇ ಸೀಮೆಯ ಒಂದು ಹೋಂಸ್ಟೇ. ಶಿರಸಿಯಿಂದ ಸ್ವಲ್ಪ ದೂರ, ಅಡಿಕೆ ತೋಟದ ನೆತ್ತಿಯ ಮೇಲೆ ನೂರು ವರ್ಷದ ಹಳೆಯ ಮನೆ. ಫೋನಿನಲ್ಲಿ ಫೋಟೋ ನೋಡಿದ್ದೇ ನನ್ನ ಗಂಟಲು ಕಟ್ಟಿತು. ಹಂಚಿನ ಮಾಡು, ಕೆತ್ತನೆಯ ಕಂಬ, ಕೆಂಪು ಗಾರೆಯ ಜಗಲಿ, ಬಚ್ಚಲಲ್ಲಿ ತಾಮ್ರದ ಹಂಡೆ. ನಾನು ಹುಟ್ಟಿ ಬೆಳೆದ ಮನೆಯೂ ಹೀಗೇ ಇತ್ತು. 2004ರಲ್ಲಿ ಅಪ್ಪ ತೀರಿಕೊಂಡ ಮೇಲೆ ಆಯಿಯನ್ನು ಬದಲಾಪುರಕ್ಕೆ ಕರೆತಂದೆ. 2006ರಲ್ಲಿ ಹಿಸ್ಸೆಯಾಗಿ, ನನ್ನ ಪಾಲನ್ನು ದಾಯಾದಿಗೆ ಕೊಟ್ಟು ಬಂದ ದುಡ್ಡಿನಲ್ಲಿ ಫ್ಲ್ಯಾಟಿನ ಸಾಲ ತೀರಿಸಿದೆ. ಅವರು ಹಳೇ ಮನೆ ಕೆಡವಿ ತಾರಸಿ ಮನೆ ಕಟ್ಟಿಸಿದರು. ಲೆಕ್ಕದ ಪ್ರಕಾರ ನಾನು ಮಾಡಿದ್ದು ಸರಿಯಾದ ವ್ಯವಹಾರವೇ. ಆದರೆ ಸ್ವಂತ ಹಳೇಮನೆಯನ್ನು ಬಿಟ್ಟುಕೊಟ್ಟವನು ಇನ್ನೊಬ್ಬರ ಹಳೇಮನೆಗೆ ದಿನಕ್ಕೆ ಇಷ್ಟು ಅಂತ ಬಾಡಿಗೆ ಕೊಟ್ಟು ಮಲಗಲು ಹೋಗುವುದಿದೆಯಲ್ಲ, ಅದನ್ನು ಯಾವ ಖಾತೆಗೆ ಬರೆಯುವುದು? ನೀವೇ ಹೇಳಿ.

ಪನವೇಲಿನಲ್ಲಿ ಮತ್ಸ್ಯಗಂಧಾ ಹತ್ತಿ ಬೆಳಗಿನ ಜಾವ ಕುಮಟೆಯಲ್ಲಿ ಇಳಿದೆವು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗುವವರೆಗೆ ಊರಿಗೆ ಹೋಗುವುದೆಂದರೆ ಒಂದೋ ರಾತ್ರಿಯಿಡೀ ಕುಲುಕಾಡುವ ಬಸ್ಸು, ಇಲ್ಲವೇ ಹುಬ್ಬಳ್ಳಿವರೆಗೆ ರೈಲು, ಆಮೇಲೆ ಬಸ್ಸು. ಈಗ ಆಯಿ ಮಲಗಿಕೊಂಡೇ ಬಂದಳು. ದೇವಿಮನೆ ಘಾಟಿ ಹತ್ತಿ ಆ ಮನೆ ತಲುಪುವಾಗ ಸೂರ್ಯ ತೋಟದ ಮೇಲಕ್ಕೆ ಬಂದಿದ್ದ. ಮನೆಯ ಯಜಮಾನಿ ಐವತ್ತರ ಹತ್ತಿರದ ಹೆಂಗಸು. ತೆಳ್ಳೇವು, ಜೋನಿ ಬೆಲ್ಲ, ತುಪ್ಪ ಬಡಿಸಿದಳು. ಮಗ ಕಂಬ ತಟ್ಟಿ ನೋಡಿದ, ಸೊಸೆ ಹಂಡೆಯ ಫೋಟೋ ತೆಗೆದಳು, ಮಕ್ಕಳು ಕರುವಿನ ಹಿಂದೆ ಓಡಿದರು. ನಾನು ಜಗಲಿಯ ಮೇಲೆ ಕೂತು, ನಾಲ್ಕು ಜನರಿಗೆ ಕಾಣದ ಹಾಗೆ ಕಣ್ಣು ಒರೆಸಿಕೊಂಡೆ.

ಸಂಜೆ ಮೊಮ್ಮಗಳು ಫೋನು ಹಿಡಿದು ಆಯಿಯ ಸಂದರ್ಶನಕ್ಕೆ ಶುರು ಮಾಡಿದಳು. ಶಾಲೆಯಲ್ಲಿ ಏನೋ ಪ್ರಾಜೆಕ್ಟು. “ಅಜ್ಜೀ, ನೀನು ಇಂಥಾ ಮನೇಲೇ ಇದ್ದಿದ್ದಂತಲ್ಲ. ನಿಂಗೆ ಏನು ನೆನಪಾಗುತ್ತೆ?”

“ಹೊಗೆ” ಎಂದಳು ಆಯಿ.

ನಾವೆಲ್ಲ ಬೇರೆ ಏನನ್ನೋ ನಿರೀಕ್ಷಿಸಿದ್ದೆವು. ಮಲ್ಲಿಗೆ, ದೀಪಾವಳಿ, ಯಕ್ಷಗಾನ, ಅಜ್ಜನ ಕೊಡೆ, ಇಂಥದ್ದು. ಆಯಿ ನಿಧಾನಕ್ಕೆ ಹೇಳುತ್ತ ಹೋದಳು. ಹದಿನೆಂಟನೇ ವರ್ಷಕ್ಕೆ ಮದುವೆಯಾಗಿ ಬಂದಾಗ ಮನೆಯಲ್ಲಿ ಹದಿನಾರು ಜನ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಒಲೆ ಹಚ್ಚಿದರೆ ರಾತ್ರಿ ಹತ್ತಕ್ಕೇ ಆರುವುದು. ಮಳೆಗಾಲದಲ್ಲಿ ಹಸಿ ಕಟ್ಟಿಗೆ, ಹೊಗೆ ಹೋಗಲು ದಾರಿ ಇಲ್ಲ. ಅಡಿಕೆ ಕೊಯ್ಲಿನಲ್ಲಿ ಮಧ್ಯರಾತ್ರಿವರೆಗೆ ಸುಲಿಯುವುದು, ನಡುವೆ ಸುಲಿಯುವವರಿಗೆಲ್ಲ ಚಹಾ. ಬಂದ ನೆಂಟರು ಜಗಲಿಯಲ್ಲಿ ಕವಳ ಹಾಕುತ್ತ “ಏನು ಮನೆ, ಏನು ಆತಿಥ್ಯ” ಅಂತ ಹೊಗಳುತ್ತಿದ್ದರಂತೆ. ಆ ಹೊಗಳಿಕೆ ಜಗಲಿ ದಾಟಿ ಒಳಗೆ ಬರುತ್ತಿರಲಿಲ್ಲ. ಎಂಬತ್ತರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಬಂತು. ಹೊಗೆಯನ್ನು ಕೊಳವೆಯಲ್ಲಿ ಮಾಡಿನಾಚೆ ಕಳಿಸುವ ಒಲೆ ಅದು. ನಮ್ಮ ಮನೆಗೆ ಬರಲಿಲ್ಲ. ಅಪ್ಪನಿಗೆ ಅದು ತುರ್ತಿನದು ಅನ್ನಿಸಲಿಲ್ಲ. ಆಗ ನಾನು ಮುಂಬಯಿಯಲ್ಲಿ ಬ್ಯಾಂಕಿನ ಸಂಬಳ ಎಣಿಸುತ್ತಿದ್ದೆ. ನನಗೂ ಅನ್ನಿಸಲಿಲ್ಲ.

“ಇಲ್ಲಿ ಗ್ಯಾಸ್ ಇದ್ದು, ಮಿಕ್ಸಿ ಇದ್ದು. ಈ ಮನೆ ಚೊಲೋ ಇದ್ದು” ಎಂದು ಆಯಿ ಸಂದರ್ಶನ ಮುಗಿಸಿದಳು.

ನನ್ನ ಕಣ್ಣೀರು ಅಲ್ಲೇ ಒಣಗಿತು. ನಾನು ಮಧ್ಯಾಹ್ನದಿಂದ ಅತ್ತಿದ್ದು ಯಾವ ಮನೆಗಾಗಿ? ಜಗಲಿಯ ಮನೆಗಾಗಿ. ಅದೇ ಮನೆಯ ಇನ್ನೊಂದು ಅರ್ಧದಲ್ಲಿ ಐವತ್ತು ವರ್ಷ ಬದುಕಿದವಳು ಅದನ್ನು ಕಳೆದುಕೊಂಡದ್ದಕ್ಕೆ ಒಂದು ಹನಿಯೂ ಹಾಕಿರಲಿಲ್ಲ.

ಮರುದಿನ ಐದು ಗಂಟೆಗೆ ಎಚ್ಚರವಾದಾಗ ಆಯಿಯ ಹಾಸಿಗೆ ಖಾಲಿ. ಗಾಬರಿಯಾಗಿ ಹುಡುಕಿದರೆ ಅಡುಗೆಮನೆಯಲ್ಲಿ ಕುರ್ಚಿಯ ಮೇಲೆ ಕೂತು ಯಜಮಾನಿಯ ಜೊತೆ ಬೀನ್ಸ್ ಮುರಿಯುತ್ತಿದ್ದಾಳೆ. ಮಗನಿಗೆ ಮುಜುಗರ. “ಅಜ್ಜೀ, ನಾವು ದುಡ್ಡು ಕೊಟ್ಟಿದ್ದೀವಿ. ನೀನ್ಯಾಕೆ ಕೆಲಸ ಮಾಡ್ತೀಯಾ?” ಎಂದ. “ದುಡ್ಡು ಕೊಟ್ಟಿದ್ದು ನೀನು. ತಿಂತಾ ಇರೋದು ನಾನು” ಎಂದಳು ಆಯಿ.

ಆ ಹೊತ್ತಿನಲ್ಲೇ ನನಗೆ ಗೊತ್ತಾದ ಇನ್ನೊಂದು ವಿಷಯ: ಏಳು ಜನ, ಮೂರು ರಾತ್ರಿ ಎಂದು ಹೇಳಿ ಮಗ ಚೌಕಾಶಿ ಮಾಡಿ ದರದಲ್ಲಿ ಸಾಕಷ್ಟು ಇಳಿಸಿಕೊಂಡಿದ್ದ. ಅದನ್ನು ಸಾಧನೆಯ ಹಾಗೆ ಹೇಳಿಕೊಂಡ. ಒಂದು ವಾರ ಮೊದಲಾಗಿದ್ದರೆ ನಾನೂ ಬೆನ್ನು ತಟ್ಟುತ್ತಿದ್ದೆ. ಈಗ ಯಜಮಾನಿಯ ಕೈ ಕಡೆ ನೋಡಿದೆ. ನಾವು ಏಳುವ ಮುಂಚೆ ಬಚ್ಚಲಿಗೆ ಬೆಂಕಿ ಹಾಕಿ, ಹಾಲು ಕರೆದು, ಹಿಟ್ಟು ಬೀಸಿ, ಅಂಗಳ ಸಾರಿಸಿ ರಂಗೋಲಿ ಎಳೆದ ಕೈ. ಮಗ ಫೋಟೋ ನೋಡಿ ಮೆಚ್ಚಿದ ಆ ಕ್ಯಾರೆಕ್ಟರ್ ಕಂಬದಲ್ಲೂ ಇರಲಿಲ್ಲ, ಹಂಡೆಯಲ್ಲೂ ಇರಲಿಲ್ಲ. ಹಂಡೆ ಹೊಳೆಯುವುದು ಯಾರೋ ಹುಣಸೆಹಣ್ಣು ಹಾಕಿ ತಿಕ್ಕಿದ್ದರಿಂದ. ಚೌಕಾಶಿಯಲ್ಲಿ ಇಳಿದದ್ದು ಆ ತಿಕ್ಕುವ ಕೈಯ ಕೂಲಿ.

ನಾನು ಆಯಿಯ ಹತ್ತಿರ ಸ್ವಲ್ಪ ನಾಟಕೀಯವಾಗಿಯೇ ಹೇಳಿದೆ: “ನಮ್ಮ ಕಾಲದಲ್ಲಿ ಮನೆಗೆ ಬಂದವರ ಹತ್ತಿರ ದುಡ್ಡು ತಗೊಳ್ಳೋದುಂಟಾ? ಈಗ ಊಟಕ್ಕೂ ಬಿಲ್ಲು.” ಆಯಿ ನನ್ನನ್ನೇ ನೋಡಿದಳು. “ಅವಳು ದುಡ್ಡು ತಗೊಳ್ಳೋದು ಸರಿ. ನಂಗೆ ಯಾರು ಕೊಟ್ಟಿದ್ರು?”

ಈ ಪ್ರಶ್ನೆಗೆ ನನ್ನ ಬಳಿ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ. ಅತಿಥಿಯನ್ನು ದೇವರಂತೆ ಕಾಣಬೇಕು ಎಂದು ತೈತ್ತಿರೀಯ ಉಪನಿಷತ್ತು ಹೇಳಿತು. ಸರಕಾರದ ಪ್ರವಾಸೋದ್ಯಮ ಇಲಾಖೆ ಅದನ್ನೇ ಜಾಹೀರಾತು ಮಾಡಿಕೊಂಡಿತು. ತಿಥಿ ಗೊತ್ತುಮಾಡದೆ ಬರುವವನೇ ಅತಿಥಿ ಎಂದು ಹಿಂದಿನವರು ಅರ್ಥ ಹೇಳುತ್ತಿದ್ದರು. ಹಾಗೆ ನೋಡಿದರೆ ಮುಂಗಡ ಕೊಟ್ಟು, ದಿನಾಂಕ ನಮೂದಿಸಿ, ಹನ್ನೆರಡು ಗಂಟೆಗೆ ಒಳಗೆ, ಹನ್ನೊಂದು ಗಂಟೆಗೆ ಹೊರಗೆ ಅಂತ ಹೋಗುವ ನಾವು ಅತಿಥಿಗಳೇ ಅಲ್ಲ, ಗಿರಾಕಿಗಳು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ ಎಂಬುದು ಆಯಿಯ ಮಾತಿನಿಂದ ನನಗೆ ಅರ್ಥವಾದದ್ದು. ದುಡ್ಡು ಕೊಟ್ಟಾಗ ಒಳಮನೆಯ ದುಡಿಮೆಗೆ ಮೊದಲ ಬಾರಿಗೆ ಒಂದು ಲೆಕ್ಕ ಸಿಗುತ್ತದೆ. ಉಚಿತವಾಗಿದ್ದ ನಮ್ಮ ಘನ ಆತಿಥ್ಯದಲ್ಲಿ ಪುಣ್ಯ ಯಜಮಾನನ ಖಾತೆಗೆ, ಖರ್ಚು ಹೆಂಗಸರ ಖಾತೆಗೆ ಹೋಗುತ್ತಿತ್ತು. ಬ್ಯಾಂಕಿನಲ್ಲಿ ಹಾಗೆ ಬರೆದಿದ್ದರೆ ಆಡಿಟರು ಬಿಡುತ್ತಿರಲಿಲ್ಲ.

ಹಾಗಂತ ದುಡ್ಡು ಕೊಟ್ಟ ಮಾತ್ರಕ್ಕೆ ಖಾತೆ ಮುಚ್ಚುತ್ತದೆಯೇ? ಇದು ಎರಡನೇ ಪ್ರಶ್ನೆ. ಇದಕ್ಕೆ ಉತ್ತರ ಬದಲಾಪುರಕ್ಕೆ ಮರಳಿದ ಮೇಲೆ, ಮರುವರ್ಷದ ಜೂನ್ ತಿಂಗಳಲ್ಲಿ ಫೋನಿನ ರೂಪದಲ್ಲಿ ಬಂತು.

ಅದನ್ನು ಹೇಳುವ ಮೊದಲು ನನ್ನದೊಂದು ಹಳೇ ಬಾಕಿ ಹೇಳಬೇಕು. 1980ರಲ್ಲಿ ಧಾರವಾಡದಲ್ಲಿ ಎಂಕಾಂ ಮುಗಿಸಿ ಬ್ಯಾಂಕಿನ ಕೆಲಸಕ್ಕೆಂದು ಮುಂಬಯಿಗೆ ಬಂದಾಗ ನಾನು ಇಳಿದುಕೊಂಡದ್ದು ಡೊಂಬಿವಲಿಯ ಒಂದು ಚಾಳಿನಲ್ಲಿ. ಊರಿನವರೊಬ್ಬರ ಮನೆ. ಒಂದೇ ಖೋಲಿ, ಮೂಲೆಯಲ್ಲಿ ಮೋರಿ, ಸಂಡಾಸು ಚಾಳಿನ ಕೊನೆಯಲ್ಲಿ. ಗಂಡ, ಹೆಂಡತಿ, ಎರಡು ಮಕ್ಕಳು, ಜೊತೆಗೆ ನಾನು. ‘ರೂಮು ಸಿಗುವವರೆಗೆ’ ಅಂತ ಹೋದವನು ಎಂಟು ತಿಂಗಳು ಇದ್ದೆ. ರಾತ್ರಿ ನನ್ನ ಹಾಸಿಗೆ ಹಾಸಿದ ಮೇಲೆ ಆ ಮನೆಯಾಕೆಗೆ ಎದ್ದು ನೀರು ಕುಡಿಯಲೂ ಜಾಗ ಇರುತ್ತಿರಲಿಲ್ಲ. ಬೆಳಿಗ್ಗೆ ಆರೂಕಾಲರ ಲೋಕಲ್ಲಿಗೆ ಹೋಗುವ ನನಗಾಗಿ ಆಕೆ ಐದಕ್ಕೆ ಎದ್ದು ಡಬ್ಬಿ ಕಟ್ಟುತ್ತಿದ್ದರು. ನಾನು ದುಡ್ಡು ಕೊಡಲು ಹೋದಾಗ ಗಂಡ “ಛೆ ಛೆ” ಎಂದರು, ನಾನು ಜೇಬಿಗೆ ವಾಪಸು ಇಟ್ಟುಕೊಂಡೆ. ಆಕೆಯನ್ನು ಕೇಳಬೇಕೆಂದು ನನಗೆ ತೋಚಲೇ ಇಲ್ಲ. ಮುಂಬಯಿಗೆ ಬಂದ ನಮ್ಮ ತಲೆಮಾರಿನ ಬಹುತೇಕ ಕನ್ನಡಿಗರ ಮೊದಲ ‘ಹೋಂಸ್ಟೇ’ ಇಂಥ ಖೋಲಿಗಳೇ. ಕ್ಯಾರೆಕ್ಟರ್ ಬೇಕೆಂದರೆ ಅದಕ್ಕಿಂತ ಕ್ಯಾರೆಕ್ಟರ್ ಇರುವ ಜಾಗ ನಾನು ಕಂಡಿಲ್ಲ. ಆದರೆ ಆಕೆ ಬದುಕಿರುವವರೆಗೆ ಅದನ್ನು ನಾನು ಅವರಿಗೆ ಹೇಳಲಿಲ್ಲ.

ಈಗ ಫೋನಿನ ವಿಷಯ. ಹೋಂಸ್ಟೇಯ ಆ ಯಜಮಾನಿ ಮಾತಾಡಿದಳು. ಮಗನಿಗೆ ಐರೋಲಿಯ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿದೆ. ಮುಂಬಯಿಯಲ್ಲಿ ಪರಿಚಯದವರು ಯಾರೂ ಇಲ್ಲ. ಪೇಯಿಂಗ್ ಗೆಸ್ಟ್ ಜಾಗ ಸಿಗುವವರೆಗೆ ನಾಲ್ಕು ದಿನ ಎಲ್ಲಾದರೂ ಇಳಿದುಕೊಳ್ಳಲು ಒಳ್ಳೇ ಕಡೆ ಇದ್ದರೆ ಹೇಳ್ತೀರಾ? ಅವಳು ‘ನಿಮ್ಮ ಮನೆಯಲ್ಲಿ’ ಎನ್ನಲಿಲ್ಲ. ‘ಎಲ್ಲಾದರೂ’ ಎಂದಳು. “ವಿಚಾರಿಸಿ ಹೇಳ್ತೇನೆ” ಅಂತ ಫೋನಿಟ್ಟೆ. ನಾನು ಹಿಂಜರಿದೆ ಎಂದು ಒಪ್ಪಿಕೊಳ್ಳಲೇಬೇಕು. ಎರಡು ಬೆಡ್‌ರೂಮಿನ ಮನೆ, ಏಳು ಜನ. ಅವರ ಹಣ ಅವರಿಗೆ ಕೊಟ್ಟಾಗಿದೆ, ರಸೀದಿ ನನ್ನ ಫೈಲಿನಲ್ಲಿದೆ. ನನ್ನಾಕೆಯೂ “ಯಾವುದಾದರೂ ಲಾಡ್ಜ್ ನಂಬರು ಕೊಡಿ” ಎಂದಳು. ತಪ್ಪೇನಿಲ್ಲ, ಐದಕ್ಕೆ ಏಳಬೇಕಾದವಳು ಅವಳೇ.

ಆಯಿ ಹಾಲಿನ ಮಂಚದ ಮೇಲಿಂದ ಎಲ್ಲ ಕೇಳಿಸಿಕೊಂಡಿದ್ದಳು. “ನನ್ನ ಮಂಚದ ಪಕ್ಕ ಹಾಸು. ಅವನ ಡಬ್ಬಿ ನೀನು ಕಟ್ಟು, ತಮಾ” ಎಂದಳು ನನಗೆ. ಸೊಸೆಗೂ ಅಲ್ಲ, ಹೆಂಡತಿಗೂ ಅಲ್ಲ, ನನಗೆ.

ಆ ಕ್ಷಣಕ್ಕೆ ನನಗೆ ನೆನಪಾದದ್ದು 2019ರ ಜುಲೈ 27. ಹಿಂದಿನ ರಾತ್ರಿ ಮುಂಬಯಿಯಿಂದ ಕೊಲ್ಹಾಪುರಕ್ಕೆ ಹೊರಟ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಉಲ್ಹಾಸ ನದಿಯ ನೆರೆಯಲ್ಲಿ ನಮ್ಮ ಬದಲಾಪುರಕ್ಕೂ ವಾಂಗಣಿಗೂ ನಡುವೆ ಸಿಕ್ಕಿಕೊಂಡಿತ್ತು. ಸಾವಿರಕ್ಕೂ ಹೆಚ್ಚು ಪ್ರಯಾಣಿಕರು. ವಿಪತ್ತು ದಳ, ನೌಕಾಪಡೆ, ಸುತ್ತಲಿನ ಹಳ್ಳಿಯವರು ಸೇರಿ ದೋಣಿಗಳಲ್ಲಿ ಎಲ್ಲರನ್ನೂ ಪಾರು ಮಾಡಿದರು. ಬದಲಾಪುರದ ಒಂದು ಮಂಗಲ ಕಾರ್ಯಾಲಯದಲ್ಲಿ ಅವರಿಗೆ ಊಟ, ಚಹಾ, ಔಷಧದ ವ್ಯವಸ್ಥೆಯಾಯಿತು. ತಿಥಿ ಗೊತ್ತುಮಾಡದೆ ಬಂದ ನಿಜವಾದ ಅತಿಥಿಗಳು ಅವರು. ಆ ದಿನ ನಮ್ಮ ಬಿಲ್ಡಿಂಗಿನಿಂದಲೂ ಚಪಾತಿ ಹೋಯಿತು. ಕಳಿಸಿದ ಮೇಲೆ ನಾನು ಎಷ್ಟೋ ಜನರಿಗೆ ಅದನ್ನು ಹೇಳಿಕೊಂಡು ತಿರುಗಿದೆ. ಚಪಾತಿ ಲಟ್ಟಿಸಿದವಳು ನಾನಲ್ಲ.

ಹುಡುಗ ಬಂದ. ನಾಲ್ಕು ದಿನ ಎಂದವನು ಹತ್ತೊಂಬತ್ತು ದಿನ ಇದ್ದ. ಬದಲಾಪುರದ ಲೋಕಲ್ಲಿಗೆ ಹತ್ತುವುದು, ಠಾಣೆಯಲ್ಲಿ ಇಳಿದು ಐರೋಲಿಯ ಗಾಡಿ ಹಿಡಿಯುವುದು, ಬಾಗಿಲ ಹತ್ತಿರ ನಿಂತರೆ ಇಳಿಯುವ ಮೊದಲೇ ಜನ ಇಳಿಸಿಬಿಡುತ್ತಾರೆ ಎಂಬುದು, ಎಲ್ಲ ಕಲಿತ. ನಾನು ಐದಕ್ಕೆ ಎದ್ದು ಡಬ್ಬಿ ಕಟ್ಟಿದೆ. ಅರವತ್ತೇಳನೇ ವಯಸ್ಸಿಗೆ ಪಲ್ಯಕ್ಕೆ ಉಪ್ಪಿನ ಅಂದಾಜು ಕಲಿತೆ. ಮೂರನೇ ದಿನಕ್ಕೇ ಸಾಕಪ್ಪಾ ಅನ್ನಿಸಿತು. ಏಳನೇ ದಿನ ಒಂದು ಸಲ ಸಿಡುಕಿಯೂಬಿಟ್ಟೆ, ಹುಡುಗನ ಮೇಲಲ್ಲ, ಕುಕ್ಕರಿನ ಮೇಲೆ. ಡೊಂಬಿವಲಿಯ ಆಕೆ ಎಂಟು ತಿಂಗಳು ಕುಕ್ಕರಿನ ಮೇಲೂ ಸಿಡುಕಿದ್ದನ್ನು ನಾನು ಕೇಳಿರಲಿಲ್ಲ. ಅಥವಾ ನಾನು ಲೋಕಲ್ಲಿಗೆ ಹೋದ ಮೇಲೆ ಸಿಡುಕುತ್ತಿದ್ದರೋ ಏನೋ.

ಹೊರಡುವ ದಿನ ಹುಡುಗ ಸಂಕೋಚದಿಂದ “ಅಂಕಲ್, ಎಷ್ಟು ಕೊಡಬೇಕು?” ಎಂದ. “ಛೆ ಛೆ” ಎನ್ನಲು ಬಾಯಿ ತೆರೆದವನು ತಡೆದುಕೊಂಡೆ. “ನನ್ನನ್ನು ಕೇಳಬೇಡ, ಮನೆಯವರನ್ನು ಕೇಳು” ಎಂದೆ. ಅವನು ಒಳಗೆ ಹೋಗಿ ನನ್ನಾಕೆಯನ್ನು, ಸೊಸೆಯನ್ನು, ಆಯಿಯನ್ನು ಕೇಳಿದ. ಅವರು ಬೇಡ ಎಂದರು. ಬೇಡ ಎನ್ನುವ ಹಕ್ಕು ಅವರದ್ದಾಗಿತ್ತು.

ಇಷ್ಟಾದ ಮೇಲೆ ಕುಟುಂಬ ಪ್ರವಾಸಕ್ಕೆ ತಂಗುವ ಜಾಗ ಹುಡುಕುವವರಿಗೆ ನಾನು ಏನು ಹೇಳಬಲ್ಲೆ? ಹಳೇ ಮನೆಗಳಿಗೆ ಹೋಗಬೇಡಿ ಎನ್ನುವುದಿಲ್ಲ. ಖಂಡಿತ ಹೋಗಿ, ಅವು ಉಳಿಯುವುದೂ ಹಾಗೇ. ಆದರೆ ಫೋಟೋದಲ್ಲಿ ಜಗಲಿ ಕಂಡಾಗ ಅಡುಗೆಮನೆಯನ್ನೂ ಊಹಿಸಿಕೊಳ್ಳಿ. ಹಂಡೆ ಕಂಡಾಗ ತಿಕ್ಕಿದವರನ್ನು ನೆನೆಯಿರಿ. ದರ ಕೇಳಿದಷ್ಟು ಕೊಡಿ, ಕೊಡಲಾಗದಿದ್ದರೆ ಇನ್ನೊಂದು ಕಡೆ ಹುಡುಕಿ. ಮತ್ತು ಆ ಜಾಗದಲ್ಲಿ ಯಾರ ರಾತ್ರಿ ಎಲ್ಲರಿಗಿಂತ ಕಷ್ಟದ್ದಾಗುತ್ತದೋ ಅವರನ್ನು ಮೊದಲು ಕೇಳಿ. ನಾವು ಕೇಳಿರಲಿಲ್ಲ. ಆ ಮನೆಯ ಬಚ್ಚಲಿಗೆ ಎರಡು ಮೆಟ್ಟಿಲು ಇಳಿಯಬೇಕಿತ್ತು. ಆಯಿ ಮೂರು ರಾತ್ರಿಯೂ ಸಂಜೆ ಆರರ ಮೇಲೆ ನೀರು ಕುಡಿದಿರಲಿಲ್ಲ ಎಂಬುದು ಬದಲಾಪುರಕ್ಕೆ ಬಂದ ಮೇಲೆ ಗೊತ್ತಾಯಿತು.

ಒಮ್ಮೆ ಆಯಿಯನ್ನೇ ಕೇಳಿದೆ: “ನೀನು ಇಳಿದುಕೊಂಡ ಜಾಗಗಳಲ್ಲಿ ನಿನಗೆ ತುಂಬ ಇಷ್ಟ ಆದದ್ದು ಯಾವುದು?” ಯೋಚಿಸದೆ ಹೇಳಿದಳು: ಹೊರನಾಡು. 1994ರಲ್ಲಿ ಬ್ಯಾಂಕಿನ ಎಲ್‌ಎಫ್‌ಸಿ ರಜೆಯಲ್ಲಿ ನಾವೆಲ್ಲ ಅನ್ನಪೂರ್ಣೇಶ್ವರಿಯ ದರ್ಶನಕ್ಕೆ ಹೋಗಿದ್ದೆವು. ದೇವಸ್ಥಾನದ ವಸತಿಯಲ್ಲಿ ಒಂದು ಕೋಣೆ. ಸುಣ್ಣದ ಗೋಡೆ, ಟ್ಯೂಬ್‌ಲೈಟು, ಒಂದು ಚಾಪೆ, ಒಂದು ಬಕೆಟ್ಟು. ನನಗೆ ಆ ಕೋಣೆಯ ನೆನಪೇ ಇಲ್ಲ. ಬಂದವರಿಗೆಲ್ಲ ಅಲ್ಲಿ ಊಟ. ಆಯಿ ಸಾಲಿನಲ್ಲಿ ಕೂತಳು, ಯಾರೋ ಬಂದು ಬಡಿಸಿದರು, ಉಂಡು ಎದ್ದಳು. ಮುಸುರೆ ತೊಳೆಯಲಿಲ್ಲ.

“ಅಷ್ಟು ದೊಡ್ಡ ಕೈ ನಂಗೆ ಯಾರೂ ಬಡಿಸಿರಲಿಲ್ಲ” ಎಂದಳು.

ಅಲ್ಲಿಗೆ ಮತ್ತೊಮ್ಮೆ ಕರೆದುಕೊಂಡು ಹೋಗಬೇಕೆಂದಿದೆ. ಘಟ್ಟದ ದಾರಿ, ಆಯಿಯ ಮೊಣಕಾಲು ಎರಡೂ ಒಪ್ಪಬೇಕು. ಅಲ್ಲಿಯವರೆಗೆ ಭಾನುವಾರದ ಅಡುಗೆ ನನ್ನದು. ಆಯಿ ಮಂಚದ ಮೇಲೆ ಕೂತು ಉಪ್ಪು ಕಮ್ಮಿ, ಖಾರ ಹೆಚ್ಚು ಎಂದು ಗಿರಾಕಿಯ ಹಾಗೆ ದೂರುತ್ತಾಳೆ.